ಮೇಲೆ ಕೇಳುವುದು

ಮಹಾಲಿಂಗಪ್ಪ ವಕೀಲರು ನಕ್ಕದ್ದು ಯಾಕೆ ಎಂಬುದು ಮಧ್ಯಾಹ್ನದ ಊಟದ ಹೊತ್ತಿಗೂ ಧರ್ಮರಾಜನಿಗೆ ಇತ್ಯರ್ಥವಾಗಲಿಲ್ಲ. ಜಮಖಂಡಿಗೆ ಸಿವಿಲ್ ನ್ಯಾಯಾಧೀಶನಾಗಿ ಬಂದು ವರ್ಷ ಕಳೆದಿತ್ತು. ಅಷ್ಟರಲ್ಲಿ ಈ ಕೋರ್ಟಿನ ನಗೆಗಳನ್ನೆಲ್ಲ ಅವನು ಗುರುತು ಹಿಡಿದಿದ್ದ. ಎದುರಿಗೆ ಬಾಗಿ, ಬಾಗಿಲು ದಾಟಿದ ಮೇಲೆ ಬಿಚ್ಚಿಕೊಳ್ಳುವ ನಗೆ ಒಂದು. ಹೆಸರು ಕೇಳಿ, ಊರು ಕೇಳಿ, ಅದರ ಮುಂದಿನದನ್ನು ಕೇಳಲಾರದೆ ಹಲ್ಲಿನ ಹಿಂದೆಯೇ ನಿಲ್ಲಿಸಿಕೊಂಡ ನಗೆ ಇನ್ನೊಂದು. ಮಹಾಲಿಂಗಪ್ಪನವರದು ಇವೆರಡರಲ್ಲೂ ಸೇರುತ್ತಿರಲಿಲ್ಲ. ಅವರು ವಯಸ್ಸಾದವರು, ಇಡೀ ಬಾರ್ ಮರ್ಯಾದೆ ಕೊಡುವ ಮನುಷ್ಯ. ಬೆಳಿಗ್ಗೆ ವಾದ ಮುಗಿಸುವಾಗ ಕೋಟಿನ ತೋಳು ಸರಿಮಾಡಿಕೊಳ್ಳುತ್ತ, "ಇದು ತಮ್ಮ ಕೈಯಾಗ ಇಲ್ಲ ಸಾಹೇಬ್ರ. ಮ್ಯಾಲ ಕೇಳಬೇಕಾಗತೈತಿ" ಎಂದು ಅವನ ಮುಖ ನೋಡಿ ನಕ್ಕಿದ್ದರು.

ದಾವೆ ತಂಗೆವ್ವನದು. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಅವಳ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಮುಳುಗಡೆಯಾದವರಿಗೆ ಬೀಳಗಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟಾಗ, ಮನೆಯ ಯಜಮಾನನಿಗೆ ಒಂದು, ವಯಸ್ಸಿಗೆ ಬಂದ ಪ್ರತಿ ಮಗನಿಗೆ ಬೇರೆ ಒಂದು ಎಂದು ಕಾಯ್ದೆಯಲ್ಲಿ ಬರೆದಿತ್ತು. ಮಗಳ ಮಾತು ಅದರಲ್ಲಿ ಇರಲಿಲ್ಲ. ತಂಗೆವ್ವ ಮದುವೆಯಾಗದೆ ಉಳಿದವಳು, ತಮ್ಮ ಗೂಳಪ್ಪನಿಗಿಂತ ದೊಡ್ಡವಳು, ತಂದೆಯನ್ನು ಕೊನೆಯವರೆಗೆ ನೋಡಿಕೊಂಡವಳು. ಗೂಳಪ್ಪನಿಗೆ ಅವನ ಜಾಗವೂ ಬಂತು, ಸತ್ತ ತಂದೆಯದೂ ಬಂತು. ಕೆಲವು ವರ್ಷ ಅವನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದವಳು, ಅದೂ ತಪ್ಪಿದ ಮೇಲೆ ಬನಹಟ್ಟಿಗೆ ಬಂದು ಪವರ್‌ಲೂಮಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ನಿಂತಳು. ನನಗೂ ಒಂದು ಜಾಗ ಕೊಡಿ ಎಂಬುದಷ್ಟೇ ಅವಳ ದಾವೆ.

ಸರ್ಕಾರಿ ವಕೀಲರ ವಾದ ಕ್ಷಣದಲ್ಲಿ ಮುಗಿದಿತ್ತು. "ಕಾಯ್ದೆ ಮಗ ಅಂದೈತಿ. ಮಗಳು ಅಂದಿಲ್ಲ. ಆತಲ್ರಿ." ಆಮೇಲೆ ತಂಗೆವ್ವನ ಪರವಾಗಿ ಮಹಾಲಿಂಗಪ್ಪ ಎದ್ದಿದ್ದರು. "ಕಾಯ್ದೆ ಹಂಗ ಅಂದೈತಿ, ಖರೆ. ಆದ್ರ ಆ ಕಲಮ ಸಂವಿಧಾನಕ್ಕ ಒಪ್ಪಾಂಗಿಲ್ಲ. ಒಪ್ಪಾಂಗಿಲ್ಲ ಅಂತ ತಮಗೂ ಅನ್ನಿಸಿದ್ರ, ತಾವ ಅದನ್ನ ರದ್ದು ಮಾಡಾಕ ಬರಾಂಗಿಲ್ಲ. ಪ್ರಶ್ನೆ ಬರದು ಹೈಕೋರ್ಟಿಗೆ ಕಳಸಬೇಕು. ಕಳಸಬಹುದು ಅಂತಲ್ರಿ, ಕಳಸಲೇಬೇಕು. ನಮ್ಮಲ್ಲಷ್ಟ ಅಲ್ಲ, ಯುರೋಪಿನ್ಯಾಗ ಜರ್ಮನಿ, ಫ್ರಾನ್ಸಿನ ಕೋರ್ಟುಗಳು ಸೈತ ತಮ್ಮೆಲ್ಲಾರ ಮ್ಯಾಲಿನ ಯುರೋಪಿನ ಕೋರ್ಟಿಗೆ ಹಿಂಗ ಕೇಳತಾವ." ಹಿಂದಿನ ಸಾಲಿನಿಂದ ಯಾರೋ ಕಿರಿಯ ವಕೀಲ, "ಜಮಖಂಡಿಯಿಂದ ಸೀದಾ ಜರ್ಮನಿಗೆ ಬಸ್ಸು ಬಿಟ್ರು ನೋಡ್ರಿ" ಎಂದ. ಎಲ್ಲರೂ ನಕ್ಕರು. ಆ ನಗೆ ಅವನಿಗೆ ಅರ್ಥವಾಗಿತ್ತು. ಅದು ಅಡಗಿದ ಮೇಲೆ ಮಹಾಲಿಂಗಪ್ಪ ಒಬ್ಬರೇ ನಕ್ಕದ್ದು ಅರ್ಥವಾಗಲಿಲ್ಲ.

ಚೇಂಬರಿನಲ್ಲಿ ರೊಟ್ಟಿ ಮುರಿಯುತ್ತ ಅವನು ಆ ಮಾತನ್ನು ಮತ್ತೆ ಮತ್ತೆ ತಿರುವಿ ನೋಡಿದ. ತಮ್ಮ ಕೈಯಾಗ ಇಲ್ಲ. 'ತಮ್ಮ' ಎಂದದ್ದು ಯಾರನ್ನು, ಕುರ್ಚಿಯನ್ನೋ, ಕುರ್ಚಿಯಲ್ಲಿ ಕೂತವನನ್ನೋ? ಹಿಂದಿನ ನ್ಯಾಯಾಧೀಶರು ಕೂತಿದ್ದರೆ ಇದೇ ಮಾತನ್ನು ಈ ಮುದುಕ ನಗದೆ ಹೇಳುತ್ತಿದ್ದನೋ ಏನೋ. ಕಾನೂನೇನೋ ಅವನಿಗೆ ಗೊತ್ತಿತ್ತು. ನೌಕರಿ ಸೇರಿದ ಹೊಸತರಲ್ಲಿ ಬೆಂಗಳೂರಿನ ತರಬೇತಿಯಲ್ಲಿ ತೆಳ್ಳನೆಯ ಪ್ರೊಫೆಸರರೊಬ್ಬರು ಇದನ್ನೇ ಯುರೋಪಿನ ಉದಾಹರಣೆ ಹಿಡಿದು ವಿವರಿಸಿದ್ದರು. ಅಲ್ಲಿ ಒಂದು ದೇಶದೊಳಗಿನ ಕೊನೆಯ ಕೋರ್ಟು, ಆ ದೇಶಗಳೆಲ್ಲ ಸೇರಿ ಮಾಡಿಕೊಂಡ ಒಕ್ಕೂಟದ ಕಾನೂನಿನ ಅರ್ಥ ಏನೆಂಬ ಪ್ರಶ್ನೆ ಬಂದರೆ, ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ಕೋರ್ಟನ್ನು ಕೇಳಲೇಬೇಕಂತೆ. ಆ ಪ್ರಶ್ನೆ ದಾವೆಗೆ ಬೇಕಿಲ್ಲದಿದ್ದರೆ, ಉತ್ತರ ಆಗಲೇ ಬಂದಿದ್ದರೆ, ಇಲ್ಲವೆ ಉತ್ತರ ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಸ್ಪಷ್ಟವಾಗಿದ್ದರೆ ಮಾತ್ರ ಬಿಡಬಹುದು. ಸ್ಪಷ್ಟವೆಂದರೆ ನಿನಗೊಬ್ಬನಿಗೆ ಸ್ಪಷ್ಟವಾದರೆ ಸಾಲದು, ಬೇರೆ ದೇಶದಲ್ಲಿ ಕೂತ ನ್ಯಾಯಾಧೀಶನಿಗೂ ಹಾಗೇ ಕಾಣುತ್ತದೆ ಎಂದು ನಿನಗೆ ಖಾತ್ರಿಯಿರಬೇಕು. ಕೆಳಗಿನ ಕೋರ್ಟುಗಳಿಗೆ ಕೇಳುವುದು ಬಿಡುವುದು ಅವರವರ ಇಷ್ಟ. ಆದರೆ ಒಕ್ಕೂಟದ ಕಾನೂನೇ ತಪ್ಪು ಎನ್ನಿಸಿದಾಗ ಮಾತ್ರ ಅವೂ ಕೇಳಲೇಬೇಕು. ಪ್ರೊಫೆಸರರು ಕನ್ನಡಕ ತೆಗೆದು ಹೇಳಿದ್ದರು: ಕಾನೂನು ಸರಿ ಎನ್ನುವುದಕ್ಕೆ ಕೆಳಗಿನವನಿಗೆ ಯಾರ ಅಪ್ಪಣೆಯೂ ಬೇಡ. ತಪ್ಪು ಎನ್ನುವುದಕ್ಕೆ ಬೇಕು. ಧರ್ಮರಾಜನಿಗೆ ಆಗ ಎದ್ದು ನಿಂತು ಒಂದು ಪ್ರಶ್ನೆ ಕೇಳಬೇಕು ಎನ್ನಿಸಿತ್ತು. ಹಿಂದಿನ ವಾರ ಅವನ ಇಂಗ್ಲಿಷಿಗೆ ಯಾರೋ ಕೆಮ್ಮಿದ್ದು ನೆನಪಾಗಿ ಎದ್ದಿರಲಿಲ್ಲ.

ಕೇಳುವುದು ಎಂಬುದೇ ಅವನ ಮೈಗೆ ಒಗ್ಗದ ಕೆಲಸ. ಇಂಡಿ ಕಡೆಯ ಹಳ್ಳಿಯಲ್ಲಿ ಅವ್ವ ಮರೆವ್ವ ಖಾಲಿ ಕೊಡ ಹಿಡಿದು ಬಾವಿಯ ಮೆಟ್ಟಿಲಿನಿಂದ ಇಷ್ಟು ದೂರದಲ್ಲಿ ನಿಲ್ಲುತ್ತಿದ್ದಳು. ಇವನು ಅವಳ ಸೆರಗು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. "ಒಂದ ಕೊಡ ಹಾಕ್ರೆವ್ವಾ" ಎಂದು ಅವಳು ನೀರು ಸೇದುವವರ ಬೆನ್ನಿಗೆ ಹೇಳುತ್ತಿದ್ದಳು. ಬೆನ್ನು ತಿರುಗುತ್ತಿರಲಿಲ್ಲ. ಹಾಕುವ ಕೈ ಯಾವುದೆಂದು ಅವಳಿಗೆ ಗೊತ್ತಿತ್ತು, ಆದರೆ ಆ ಕೈಯವಳು ಬರುವುದು ಹೊತ್ತೇರಿದ ಮೇಲೆ. ಅಲ್ಲಿಯವರೆಗೆ ಬಂದವರನ್ನೆಲ್ಲ ಕೇಳುತ್ತಲೇ ನಿಲ್ಲಬೇಕು, ಕೇಳದಿದ್ದರೆ ಸೊಕ್ಕು ಎನ್ನುತ್ತಾರೆ. ಇಬ್ಬರ ನೆರಳೂ ಕಾಲ ಬುಡಕ್ಕೆ ಬಂದು ನಿಂತಾಗ ಅವನು ಅವ್ವನ ಮೇಲೆಯೇ ಸಿಟ್ಟಾಗುತ್ತಿದ್ದ. ಓದಿ ನೌಕರಿ ಹಿಡಿದ ಮೇಲೆ ಯಾರಲ್ಲೂ ಏನನ್ನೂ ಕೇಳಿರಲಿಲ್ಲ. ಕ್ವಾರ್ಟರ್ಸಿನ ಸೋರುವ ಮಾಳಿಗೆಯ ರಿಪೇರಿ ಕೇಳಿರಲಿಲ್ಲ, ಬೇಕಾದ ಊರಿಗೆ ವರ್ಗ ಕೇಳಿರಲಿಲ್ಲ. ಈಗ ಇಡೀ ಬಾರ್ ನೋಡುತ್ತಿರುವಾಗ ಕೊಡ ಹಿಡಿದು ಹೈಕೋರ್ಟಿನ ಧಾರವಾಡ ಪೀಠದ ಮುಂದೆ ನಿಲ್ಲಬೇಕು. ತಾನಾಗಿ ತೀರ್ಪು ಬರೆಯಲಾರದ್ದಕ್ಕೆ ಮೇಲೆ ಕೇಳಿದ ಎನ್ನುತ್ತಾರೆ. 'ಅವರ ಕೋಟಾದಾಗ ಬಂದವರು' ಎನ್ನುವುದನ್ನು ಹೇಳದೆಯೇ ಹೇಳುತ್ತಾರೆ. ಮುದುಕನ ನಗೆ ಅದೇ ಇರಬೇಕು. ದಾವೆ ವಜಾ ಮಾಡಿದರೆ ಯಾರನ್ನೂ ಕೇಳಬೇಕಿಲ್ಲ. ಸರಿ ಎನ್ನುವುದಕ್ಕೆ ಅಪ್ಪಣೆ ಬೇಡ.

ಆದರೆ ತಂಗೆವ್ವ ಸಾಕ್ಷಿಕಟ್ಟೆಯಲ್ಲಿ ಹೇಳಿದ ಮಾತು ಕಿವಿಯಲ್ಲಿ ಉಳಿದಿತ್ತು. ಸರ್ಕಾರಿ ವಕೀಲರು, "ನಿನ್ನ ತಮ್ಮನ ಕಡೆ ಎರಡು ಜಾಗಾ ಅದಾವಲ್ಲ, ಅವನ್ನ ಕೇಳಬೇಕಿತ್ತು. ಸರ್ಕಾರದ ಮ್ಯಾಲ ಯಾಕ ಬಂದಿ?" ಎಂದಿದ್ದರು. ಅವಳ ಕೂದಲಿನಲ್ಲಿ, ಹುಬ್ಬಿನಲ್ಲಿ ಹತ್ತಿಯ ಸಣ್ಣ ಎಳೆಗಳಿದ್ದವು. "ತಮ್ಮನ ಕೇಳೀನ್ರಿ. ಸರಕಾರ ಕೊಟ್ಟದ್ದು, ಸರಕಾರನ ಕೇಳು ಅಂದ. ಆಫೀಸಿನ್ಯಾಗ ಕೇಳೀನಿ, ಕೋರ್ಟ್ ಕೇಳು ಅಂದ್ರು. ಈಗ ಕೋರ್ಟಿಗೆ ಬಂದೀನಿ." ಅಷ್ಟು ಹೇಳಿ ಅವಳು ವಕೀಲರನ್ನು ಬಿಟ್ಟು ನೇರ ಅವನ ಕಡೆ ನೋಡಿದ್ದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಇವನು ಎಂಥವನು ಎಂದು ಅಳೆಯುವ ನೋಟ ಅದು. ಧರ್ಮರಾಜ ಕಣ್ಣು ತೆಗೆದು ಫೈಲಿನಲ್ಲಿಟ್ಟಿದ್ದ.

ಅದೇ ಸಂಜೆ ಅವನು ಸ್ಟೆನೋ ದುರಗೇಶನನ್ನು ಕರೆದು ಬಾಗಿಲು ಮುಚ್ಚಿಸಿ, ಹೈಕೋರ್ಟಿಗೆ ಕಳಿಸುವ ಪ್ರಶ್ನೆಯ ಕರಡನ್ನು ಹೇಳಿ ಬರೆಸಲು ಶುರುಮಾಡಿದ. ನಿರ್ಧಾರವಾಗಿತ್ತು ಎಂದಲ್ಲ. ಬರೆದು ನೋಡಿದರೆ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಿತ್ತು. ದುರಗೇಶ ಮುಧೋಳದ ಕಡೆಯ ಹುಡುಗ, ಹೊಸದಾಗಿ ಮದುವೆಯಾದವನು. ಬಾಬಾಸಾಹೇಬರ ಜಯಂತಿಯ ದಿನ ಅವನ ಮನೆಗೆ ಹೋಗಿದ್ದಾಗ ಒಂದೇ ಚಿತ್ರಕ್ಕೆ ಇಬ್ಬರೂ ಕೈಮುಗಿದಿದ್ದರು. ಕೋರ್ಟಿನಲ್ಲಿ ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಕರಡು ಅರ್ಧಕ್ಕೆ ಬಂದು ನಿಂತಿತು. ಅಲ್ಲೊಂದು ತೊಡಕಿತ್ತು. ಸುಮ್ಮನೆ ಪ್ರಶ್ನೆ ಕಳಿಸಲು ಬರುವುದಿಲ್ಲ. ಈ ಕಾಯ್ದೆ ತಪ್ಪು ಎಂದು ನನಗೆ ಅನ್ನಿಸಿದೆ, ಯಾಕೆಂದರೆ ಹೀಗೆ ಎಂದು ಮೊದಲು ತನ್ನ ಅಭಿಪ್ರಾಯ ಬರೆಯಬೇಕು. ಆಮೇಲೆ ಕೇಳಬೇಕು. "ಇಷ್ಟ ಇರಲಿ. ಯಾರಿಗೂ ಹೇಳಬ್ಯಾಡ" ಎಂದ. ದುರಗೇಶ ತಲೆಯಾಡಿಸಿದ. ಅವನು ತಲೆಯಾಡಿಸಿದ್ದು ಬಹಳ ಬೇಗ ಎಂದು ಧರ್ಮರಾಜನಿಗೆ ಅನ್ನಿಸಿತು.

ರವಿವಾರ ಮುಧೋಳದಲ್ಲಿ ಕಾನೂನು ಅರಿವಿನ ಶಿಬಿರವಿತ್ತು. ಅಲ್ಲಿಯ ನ್ಯಾಯಾಧೀಶ ಸಿದರಾಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು, ಜುಣಕ ಹಾಕಿಸಿಕೊಳ್ಳುತ್ತ, "ಹೈಕೋರ್ಟಿಗೆ ಪ್ರಶ್ನೆ ಬರ್ಯಾಕತ್ತೀರಂತಲ್ರಿ, ಛಲೋ ಆತು ಬಿಡ್ರಿ" ಎಂದ. ಧರ್ಮರಾಜನ ಕೈಯ ತುತ್ತು ಅಲ್ಲೇ ನಿಂತಿತು. "ಏನೋ ನೋಡೂಣ್ರಿ" ಎಂದು ತುತ್ತು ನುಂಗಿದ. ತಿರುಗಿ ಬರುವಾಗ ರನ್ನ ಬೆಳಗಲಿಯ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆ ತುಂಬಿ ನಿಂತಿದ್ದವು. ಜೀಪು ಅವುಗಳ ಹಿಂದೆ ತೆವಳುತ್ತಿತ್ತು. ಮುಚ್ಚಿದ ಬಾಗಿಲೊಳಗೆ ಇದ್ದವರು ಇಬ್ಬರು, ಒಬ್ಬ ತಾನು. ದುರಗೇಶ ಮಹಾಲಿಂಗಪ್ಪನವರ ಹತ್ತಿರ ಮುಂಜಾನೆ ಚಹಾ ಕುಡಿಯುತ್ತಿದ್ದುದನ್ನು ಧರ್ಮರಾಜ ಒಮ್ಮೆ ನೋಡಿದ್ದ. ಆ ಹುಡುಗನ ಹೆಂಡತಿಯ ತಂಗಿಗೆ ಬನಹಟ್ಟಿಯ ಶಾಲೆಯಲ್ಲಿ ಕೆಲಸ ಕೊಡಿಸಿದವರು ಯಾರು? ಯಾಕೆ ಕೊಡಿಸಿದರು? ನಮ್ಮವನು ಎಂದು ನಂಬಿದ್ದೇ ತಪ್ಪಾಯಿತು ಎನ್ನಿಸಿ, ಆ 'ನಮ್ಮವನು' ಎಂಬ ಮಾತಿಗೆ ನಾಚಿಕೆಯಾಯಿತು. ಕಬ್ಬಿನ ಗಳಗಳ ಬಾಯಿ ತನ್ನ ಕಡೆಗೇ ತಿರುಗಿ ನಿಂತಂತೆ ಕಾಣುತ್ತಿತ್ತು.

ಸೋಮವಾರ ಅವನು ದುರಗೇಶನನ್ನು ಕೂರಲು ಹೇಳಲಿಲ್ಲ. "ನಾಳೆಯಿಂದ ನೀ ನಕಲು ವಿಭಾಗದಾಗ ಕೂಡು. ಡಿಕ್ಟೇಶನ್‌ಗೆ ಬ್ಯಾರೆದವರು ಬರ್ತಾರ."

"ಯಾಕ್ರಿ ಸಾಹೇಬ್ರ? ತಪ್ಪಾತೇನ್ರಿ?"

"ತಪ್ಪೇನಾತು ಅಂತ ನಿನಗ ಗೊತ್ತಿರಬೇಕು."

ಬಾಗಿಲು ತೆರೆದೇ ಇತ್ತು. ಹೊರಗೆ ಬೇಲಿಫರು, ಶಿರಸ್ತೇದಾರರು ಕಿವಿಯಾಗಿದ್ದರು. ದುರಗೇಶನ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳುಚಿತು. "ನಾ ಯಾರಿಗೂ ಏನೂ ಹೇಳಿಲ್ರಿ" ಎಂದ ಅವನು, ಯಾರೂ ಆ ಆರೋಪ ಹೊರಿಸುವ ಮೊದಲೇ. ನೋಡು, ಸಿಕ್ಕ ಎಂದು ಧರ್ಮರಾಜನಿಗೆ ಅನ್ನಿಸಿತು. ಆದರೆ ಹುಡುಗ ಹೊರಗೆ ಹೋಗುವಾಗ ಬಾಗಿಲ ಬಳಿ ಒಂದು ಗಳಿಗೆ ನಿಂತ ರೀತಿ, ಭುಜ ಕುಗ್ಗಿಸಿ, ಮೈಯನ್ನು ಆದಷ್ಟು ಸಣ್ಣದು ಮಾಡಿಕೊಂಡು ಯಾರಿಗೂ ತಾಗದಂತೆ ದಾಟಿದ ರೀತಿ, ಧರ್ಮರಾಜನಿಗೆ ಹಳೆಯ ಪರಿಚಯದ್ದಾಗಿತ್ತು. ಅಷ್ಟಾದರೂ ಕರೆಯಲಿಲ್ಲ. ಹೊಸ ಹಾಳೆ ತೆಗೆದು ತನ್ನ ಕೈಯಿಂದಲೇ ವಜಾ ಮಾಡುವ ತೀರ್ಪು ಬರೆಯತೊಡಗಿದ. ಕಾಯ್ದೆಯ ಮಾತು ಸ್ಪಷ್ಟವಾಗಿದೆ, ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ ಎಂದು ಬರೆದ. ಸಂಶಯ ಎಂಬ ಪದ ಬರೆದಲ್ಲಿಗೆ ಪೆನ್ನು ನಿಂತಿತು. ಜಮಖಂಡಿಗೆ ಬಂದ ಮೇಲೆ ಅವನು ಸಂಶಯಪಡದ ವಸ್ತು ಯಾವುದಿತ್ತು? ಟೀಯ ಕಪ್ಪು, ಬಾಗಿದ ಬೆನ್ನು, ಹಾರ ಹಾಕುವ ಕೈ. ಎಲ್ಲದರ ಮೇಲೂ ಸಂಶಯವಿದ್ದವನಿಗೆ ಇದೊಂದರ ಮೇಲೆ ಇಲ್ಲವಂತೆ.

ಸಂಜೆ ಮನೆಯಲ್ಲಿ ಹೆಂಡತಿ ಸಂಘಮಿತ್ರಾ ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಅವನು ನಡೆದದ್ದನ್ನು ತನಗೆ ಅನುಕೂಲವಾಗುವಂತೆ ಹೇಳಿದ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿ, "ಸಿದರಾಯ ಅವರಿಗೆ ಯಾರು ಹೇಳಿದ್ರಂತ?" ಎಂದಳು.

"ಯಾರು ಹೇಳ್ತಾರ? ಇವನ."

"ಅವರನ್ನ ಕೇಳಿದ್ರೇನು?"

"ಅದನ್ನೇನು ಕೇಳೂದು."

"ದುರಗೇಶನ್ನ ಕೇಳಿದ್ರೇನು? ನೀ ಹೇಳಿದ್ಯಾ, ಇಲ್ಲಾ ಅಂತ?"

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಯಾರನ್ನೂ ಕೇಳಿಲ್ಲ. ಕೇಳದ ತೀರ್ಪು ಕೊಟ್ರಿ. ನಿಮಗ ಯಾರಾದ್ರೂ ಹಿಂಗ ಮಾಡಿದ್ರ ತಿಂಗಳಗಟ್ಲೆ ಮನಿಯಾಗ ಕುದೀತಿದ್ರಿ" ಎಂದು ಮುಚ್ಚಳ ತೆಗೆದು ಮತ್ತೆ ತಿದ್ದತೊಡಗಿದಳು.

ಅವನಿಗೆ ಮೊದಲು ಅವಳ ಮೇಲೆಯೇ ಸಂಶಯ ಬಂತು. ದುರಗೇಶನ ಹೆಂಡತಿ ಇವಳ ಹತ್ತಿರ ಬಂದು ಹೋಗಿರಬೇಕು. ಹಿತ್ತಲಿಗೆ ಹೋಗಿ, ಬೇವಿನ ಗಿಡದ ಕೆಳಗೆ ನಿಂತು ಸಿದರಾಯನಿಗೆ ಫೋನು ಮಾಡಿದ. ಪ್ರಶ್ನೆಯ ಮಾತು ನಿಮಗೆ ಯಾರು ಹೇಳಿದರು ಎಂದು ಕೇಳಿದ. ಆ ಕಡೆಯಿಂದ ಸಿದರಾಯ ಜೋರಾಗಿ ನಕ್ಕ. "ಯಾರು ಹೇಳಬೇಕ್ರಿ? ಮಹಾಲಿಂಗಪ್ಪನವರು ವಾದ ಮಾಡಿದ್ದು ಇಡೀ ಜಿಲ್ಲಾಕ್ಕ ಗೊತ್ತೈತಿ. ಅದನ್ನ ಕೇಳಿದ ಮ್ಯಾಲ ಕಾನೂನು ಓದಿದವ ಯಾವನಾದ್ರೂ ಹೇಳ್ತಾನ, ಧರ್ಮರಾಜ ಅವರು ಮ್ಯಾಲ ಬರೀತಾರ ಅಂತ. ಬ್ಯಾರೆ ದಾರಿ ಎಲ್ಲೈತ್ರಿ? ಆ ಕಲಮ ಸರಿ ಅಂತ ನಿಮ್ಮಂಥವರು ಹೆಂಗ ಬರೀತೀರಿ?" ನಿಮ್ಮಂಥವರು ಎಂಬ ಮಾತಿಗೆ ಧರ್ಮರಾಜನ ಕಿವಿ ನೆಟ್ಟಗಾಯಿತು. ನಿಮ್ಮಂಥವರು ಎಂದರೆ ಎಂಥವರು? ಆದರೆ ಕೇಳಿದ್ದು ಸಾಕಾಗಿತ್ತು. ಅವನು ಬಾಗಿಲು ಮುಚ್ಚಿ ಕಾಪಾಡಿದ ಗುಟ್ಟು ಮೊದಲಿನಿಂದಲೂ ಬಯಲಲ್ಲಿ ಬಿದ್ದಿತ್ತು. ಎಲ್ಲರಿಗೂ ಸ್ಪಷ್ಟವಾಗಿದ್ದದ್ದು ಅವನೊಬ್ಬನಿಗೆ ಸ್ಪಷ್ಟವಾಗಿರಲಿಲ್ಲ. ಮಹಾಲಿಂಗಪ್ಪನವರು ನಕ್ಕದ್ದೂ ಇದನ್ನೇ ಬಲ್ಲವರಂತೆ ಇದ್ದಿರಬಹುದು. ಅದಕ್ಕಾಗಿ ಒಬ್ಬ ಹುಡುಗನನ್ನು ತೆರೆದ ಬಾಗಿಲಲ್ಲಿ ನಿಲ್ಲಿಸಿ ಸಣ್ಣವನನ್ನಾಗಿ ಮಾಡಿದ್ದ.

ಮರುದಿನ ಬೇಗ ಕೋರ್ಟಿಗೆ ಬಂದು ವಜಾದ ಹಾಳೆಗಳನ್ನು ಹರಿದು ಹಾಕಿದ. ಅಭಿಪ್ರಾಯ ಬರೆಯಬೇಕಾದ ಜಾಗಕ್ಕೆ ಬಂದಾಗ ಕೈ ಈ ಸಲ ನಿಲ್ಲಲಿಲ್ಲ. ಊರು ಮುಳುಗುವಾಗ ನೀರು ಮಗ ಯಾರು, ಮಗಳು ಯಾರು ಎಂದು ನೋಡಿ ಬರಲಿಲ್ಲ. ಮನೆ ಕಳೆದುಕೊಂಡವರಲ್ಲಿ ಇವಳು ಮಾತ್ರ ಲೆಕ್ಕಕ್ಕಿಲ್ಲ ಎನ್ನುವ ಈ ಮಾತು ಸಮಾನತೆಗೆ ವಿರುದ್ಧವಾದದ್ದು ಎಂದು ಈ ನ್ಯಾಯಾಲಯಕ್ಕೆ ಅನ್ನಿಸಿದೆ. ಬರೆದು ಓದಿದಾಗ ಮೊದಲ ವಾಕ್ಯ ತೀರ್ಪಿನ ಭಾಷೆಯಲ್ಲ ಎನ್ನಿಸಿತು. ಧಾರವಾಡದಲ್ಲಿ ಯಾರಾದರೂ ನಗಬಹುದು. ಹಾಗೇ ಬಿಟ್ಟ. ಕೋರ್ಟಿನಲ್ಲಿ ಆದೇಶ ಓದಿ ಹೇಳುವಾಗ ತಲೆಯೆತ್ತಿ ಮಹಾಲಿಂಗಪ್ಪನವರ ಮುಖ ನೋಡಲು ಧೈರ್ಯವಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮೇ ಇರಬಹುದು.

ನಕಲು ವಿಭಾಗದ ಕೋಣೆಯಲ್ಲಿ ದುರಗೇಶ ಹಳೆಯ ಫೈಲುಗಳ ಧೂಳಿನ ನಡುವೆ ಕೂತಿದ್ದ. ಸಾಹೇಬರು ಅಲ್ಲಿಗೆ ಬಂದದ್ದು ಕಂಡು ಎಲ್ಲರೂ ಎದ್ದು ನಿಂತರು. ಅವನೂ ನಿಂತ. ಧರ್ಮರಾಜ ಎಲ್ಲರ ಮುಂದೆಯೇ, "ನಿನ್ನ ಕೇಳದ ನಿನಗ ಶಿಕ್ಷಾ ಕೊಟ್ನಿ. ತಪ್ಪಾತು" ಎಂದ.

ದುರಗೇಶ ನೆಲ ನೋಡುತ್ತ, "ಈಗರೆ ಕೇಳ್ರಿ ಸಾಹೇಬ್ರ" ಎಂದ.

"ಯಾರಿಗಾದ್ರೂ ಹೇಳಿದ್ಯೇನು?"

"ಇಲ್ರಿ."

ಆ 'ಇಲ್ರಿ' ಎಂಬುದನ್ನು ಧರ್ಮರಾಜ ತನಗೆ ಅರಿವಿಲ್ಲದೆಯೇ ಕಿವಿಯಲ್ಲಿ ತೂಗಿ ನೋಡಿದ. ಸ್ವಲ್ಪ ತಡವಾಗಿ ಬಂತೇ? ದನಿ ನಡುಗಿತೇ? ಹಾಗೆ ತೂಗುತ್ತಿರುವ ತನ್ನನ್ನು ತಾನೇ ಹಿಡಿದು, "ಆತು. ಬಾ, ಕೆಲಸ ಐತಿ" ಎಂದು ಮುಂದೆ ನಡೆದ. ಹುಡುಗ ಬಂದ. ಆದರೆ ಆ ದಿನದಿಂದ ಅವನು ಚೇಂಬರಿನ ಬಾಗಿಲನ್ನು ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ, ಜಯಂತಿಗೆ ಮನೆಗೆ ಕರೆಯಲೂ ಇಲ್ಲ.

ಉತ್ತರ ಬರಲು ಮುಂದಿನ ಕಬ್ಬಿನ ಹಂಗಾಮಿನವರೆಗೆ ಕಾಯಬೇಕಾಯಿತು. ಧರ್ಮರಾಜನಿಗೆ ಬಳ್ಳಾರಿಗೆ ವರ್ಗವಾದ ಸುದ್ದಿಯೂ ಆಗಲೇ ಬಂದಿತ್ತು. ಹೈಕೋರ್ಟು ಆ ಕಲಮಿನಲ್ಲಿ ಮಗ ಎಂದಿದ್ದಲ್ಲಿ ಮಗಳೂ ಬರಬೇಕು, ಅವಳನ್ನು ಬಿಟ್ಟದ್ದು ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಎಂದು ಹೇಳಿತ್ತು. ಕೆಳಗಿನ ನ್ಯಾಯಾಲಯ ಈ ಪ್ರಶ್ನೆ ಕಳಿಸಿದ್ದು ಸರಿಯಾಗಿಯೇ ಇದೆ ಎಂದು ಒಂದು ಸಾಲಿತ್ತು. ಆ ಸಾಲಿನಲ್ಲಿ ಎಲ್ಲಾದರೂ ಕೊಂಕು ಇದೆಯೇ ಎಂದು ಅವನು ಹಲವು ಸಲ ಓದಿದ. ಸಿಗಲಿಲ್ಲ. ಸಿಗದ್ದಕ್ಕೆ ಒಳಗೆ ಎಲ್ಲೋ ನಿರಾಶೆಯಾದಂತೆ ಆಗಿ, ತನ್ನ ಬಗ್ಗೆಯೇ ಹೇಸಿಗೆಯಾಯಿತು.

ತೀರ್ಪಿನ ದಿನ ತಂಗೆವ್ವ ಬನಹಟ್ಟಿಯಿಂದ ಒಬ್ಬಳೇ ಬಂದಿದ್ದಳು. ಗೂಳಪ್ಪ ಬಂದಿರಲಿಲ್ಲ. ಧರ್ಮರಾಜ ಓದಿದ: ವಾದಿಗೆ ಪುನರ್ವಸತಿ ಕೇಂದ್ರದಲ್ಲಿ ಪ್ರತ್ಯೇಕ ನಿವೇಶನಕ್ಕೆ ಹಕ್ಕಿದೆ, ಸರ್ಕಾರ ಅದನ್ನು ಅವಳ ಹೆಸರಿಗೆ ಮಾಡಿಕೊಡತಕ್ಕದ್ದು. ಮಹಾಲಿಂಗಪ್ಪ ಬಾಗಿ ನಮಸ್ಕರಿಸಿದರು. ಬೇಲಿಫ ಮುಂದಿನ ದಾವೆಯವರನ್ನು ಕೂಗಿದ. ತಂಗೆವ್ವ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

"ಇನ್ನೊಮ್ಮಿ ಓದ್ರಿ" ಎಂದಳು.

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಶಿರಸ್ತೇದಾರರು, "ಏ ಯವ್ವಾ, ಆತು, ಸರಿ ಆ ಕಡೆ. ಸಾಹೇಬರಿಗೆ ಹಂಗ ಅನ್ನಬಾರದು" ಎಂದು ಗದರಿದರು. ಧರ್ಮರಾಜನ ಬೆನ್ನು ಅಭ್ಯಾಸದಂತೆ ಸೆಟೆಯಿತು. ನನಗೆ ಹೀಗೆ ಹೇಳುವ ಧೈರ್ಯ ಇವಳಿಗೂ ಬಂತೇ? ಅವಳು ಮಹಾಲಿಂಗಪ್ಪನವರ ಕಡೆ ನೋಡಲಿಲ್ಲ, ಇವನನ್ನೇ ನೋಡುತ್ತಿದ್ದಳು. "ಸಿಟ್ಟಾಗಬ್ಯಾಡ್ರಿ ಯಪ್ಪಾ. ನೀವು ಓದಿದ್ದು ಕೇಳಿಸೈತಿ. ಖರೆ ಅನ್ಸವಲ್ದು."

ಅವನ ಬೆನ್ನು ನಿಧಾನವಾಗಿ ಕುರ್ಚಿಗೆ ಒರಗಿತು. ಕೈಯೆತ್ತಿ ಶಿರಸ್ತೇದಾರರನ್ನು ಸುಮ್ಮನಾಗಿಸಿ, ಕಾಗದ ಮೇಜಿನ ಮೇಲಿಟ್ಟ. ಅದನ್ನು ಓದಲಿಲ್ಲ. ಇಂಡಿ ಕಡೆಯ ತನ್ನ ಮಾತಿನಲ್ಲಿ, ಆ ಕುರ್ಚಿಯಿಂದ ಎಂದೂ ಆಡದ ಮಾತಿನಲ್ಲಿ ಹೇಳಿದ. "ತಂಗೆವ್ವ, ನಿನಗ ಜಾಗಾ ಕೊಡಬೇಕು ಅಂತ ಆಗೈತಿ. ನಿನ್ನ ಹೆಸರಲೆ. ತಮ್ಮನ ಹೆಸರಲೆ ಅಲ್ಲ. ನಾ ಒಬ್ಬನ ಹೇಳಾಕತ್ತಿದ್ದಲ್ಲ, ಹೈಕೋರ್ಟೂ ಹೇಳೈತಿ."

ಅವಳು ಅವನ ಮುಖವನ್ನು ಒಮ್ಮೆ, ಕಾಗದವನ್ನು ಒಮ್ಮೆ ನೋಡಿದಳು. ಕೈಮುಗಿಯಲಿಲ್ಲ, ಅಳಲಿಲ್ಲ. ನಂಬಿದಂತೆಯೂ ಕಾಣಲಿಲ್ಲ.

"ಆತ್ರಿ" ಎಂದಳು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಹೋಗಿ ನೋಡ್ತೇನಿ."

ಕಿಟಕಿಯಿಂದ ಕಾಣುತ್ತಿತ್ತು. ಅವಳು ಬನಹಟ್ಟಿಯ ದಾರಿ ಹಿಡಿಯದೆ ರಸ್ತೆ ದಾಟಿ, ಬೀಳಗಿಯ ಬಸ್ಸು ನಿಲ್ಲುವ ಕಡೆಗೆ ನಡೆದಳು.